ಕೆಟ್ಟ ಚೌಕದ ಅಳತೆ

ಬೆನ್ನು ಕೈಕೊಟ್ಟು ಮರಗೆಲಸದ ಕಾರ್ಖಾನೆ ಬಿಟ್ಟ ಮೇಲೆ ಮೇಸ್ತ್ರಿಗಳ ಕಣ್ಣಿಗೆ ಮೊದಲು ಬಿದ್ದದ್ದು, ತಮ್ಮ ಮನೆಯಲ್ಲಿ ಒಂದು ವಸ್ತುವೂ ನೆಟ್ಟಗಿಲ್ಲ ಎನ್ನುವುದು. ಗೋಡೆ ಗಡಿಯಾರ ಎಡಕ್ಕೆ ವಾಲಿತ್ತು. ಅಡುಗೆಮನೆಯ ಕಪಾಟಿನ ಬಾಗಿಲು ಜೋತುಬಿದ್ದಿತ್ತು. ಊಟದ ಮೇಜಿನ ಒಂದು ಕಾಲು ಗಿಡ್ಡವಾಗಿ, ಯಾರಾದರೂ ಮೊಣಕೈ ಊರಿದರೆ ಎಲ್ಲರ ಲೋಟವೂ ಕುಲುಕುತ್ತಿತ್ತು. ಕಂಡವರ ಮನೆಯ ಬಾಗಿಲು ಕಿಟಕಿಗಳನ್ನೆಲ್ಲ ನೆಟ್ಟಗೆ ಕೂರಿಸಿಕೊಟ್ಟ ಮನುಷ್ಯನಿಗೆ ಸ್ವಂತ ಮನೆ ಕಾಣಲು ಅರವತ್ತು ದಾಟಬೇಕಾಯಿತು.

ತಿಂಗಳೊಪ್ಪತ್ತಿನಲ್ಲಿ ಅವೆಲ್ಲ ನೆಟ್ಟಗಾದವು. ಆಮೇಲೆ ಅವರು ಮನುಷ್ಯರನ್ನು ನೆಟ್ಟಗೆ ಮಾಡಲು ಹೊರಟರು. ಹೆಂಡತಿ ಪಾತ್ರೆ ಜೋಡಿಸುವುದು ಸರಿಯಿಲ್ಲ. ಬಸ್ಸಿನ ಕಂಡಕ್ಟರನಾಗಿದ್ದ ಮಗ ಷೂ ಬಿಡುವ ಜಾಗ ಸರಿಯಿಲ್ಲ. ಕನ್ನಡಕದ ಅಂಗಡಿಗೆ ಕೆಲಸಕ್ಕೆ ಹೋಗುವ ಸೊಸೆ ಟವೆಲ್ ಮಡಚುವುದಂತೂ ಯಾವ ಲೆಕ್ಕಕ್ಕೂ ಇಲ್ಲ.

“ಏನೂಂದ್ರೆ, ನಾವೇನು ಬಾಗಿಲ ಚೌಕಟ್ಟಾ?” ಎಂದು ಹೆಂಡತಿ ಕೇಳಿದಳು. “ಹೊರಗೆ ಹೋಗಿ ನಾಲ್ಕು ಹೆಜ್ಜೆ ಓಡಾಡ್ಕೊಂಡು ಬನ್ನಿ. ನಿಮ್ಮ ಕೈ ಸುಮ್ನಿರಲ್ಲ ಅಂತ ನಮ್ಮ ಪ್ರಾಣ ಯಾಕೆ ತಿಂತೀರಿ?”

ಕಾರ್ಖಾನೆಯಲ್ಲಿ ಅವರಿಗೆ ‘ಮೂಲೆಮಟ್ಟ’ ಎಂದು ಅಡ್ಡಹೆಸರಿತ್ತು. ಮೂಲೆ ಸರಿಯಾಗಿದೆಯೇ ಎಂದು ಹಚ್ಚಿ ನೋಡುವ ಉಕ್ಕಿನ ಮೂಲೆಮಟ್ಟ ಸದಾ ಅವರ ಕೈಯಲ್ಲಿ ಇರುತ್ತಿದ್ದುದರಿಂದ ಬಂದ ಹೆಸರು. ಹುಡುಗರು ಗೇಲಿಗೆ ಇಟ್ಟಿದ್ದರೂ ಮೇಸ್ತ್ರಿಗಳು ಅದನ್ನು ಬಿರುದು ಎಂದೇ ತಿಳಿದಿದ್ದರು. ಬೀದಿಯಲ್ಲೂ ಅದೇ ಹೆಸರು ಹಬ್ಬಿತ್ತು. ಯಾರ ಮನೆಯ ಕಿಟಕಿ ಕಿರುಗುಟ್ಟಿದರೂ, ಯಾರ ಕಪಾಟು ಅಲುಗಾಡಿದರೂ, ಮೇಸ್ತ್ರಿ ಬಂದು ನೋಡಿ ಹೇಳಿದರೆ ಅಲ್ಲಿಗೆ ಮುಗಿಯಿತು.

ಆ ಮನೆಯಲ್ಲಿ ಅತ್ತೆ ಸೊಸೆಗೆ ಜಗಳವಿರಲಿಲ್ಲ, ಮಾತೂ ಇರಲಿಲ್ಲ. ಮದುವೆಯಾಗಿ ನಾಲ್ಕು ವರ್ಷವಾದರೂ ಬಸ್ಸಿನಲ್ಲಿ ಅಕ್ಕಪಕ್ಕ ಕೂತ ಅಪರಿಚಿತರ ಹಾಗೆ ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಂಡು ಇದ್ದರು. ಕಳೆದ ವರ್ಷ ಸೊಸೆಯ ತಾಯಿ ತೀರಿಕೊಂಡರು. ರೈಲು ನಿಲ್ದಾಣದ ಕ್ಯಾಂಟೀನಿನಲ್ಲಿ ದುಡಿದು ಮಗಳನ್ನು ಒಬ್ಬರೇ ಸಾಕಿದ ಹೆಂಗಸು. ಅವರ ಬಟ್ಟೆಗಳನ್ನು ಸೊಸೆ ಚೀಲದಲ್ಲಿ ತುಂಬಿ ತಂದು ಮಂಚದ ಕೆಳಗೆ ಇಟ್ಟಿದ್ದಳು: ಕ್ಯಾಂಟೀನಿನ ಕಡುನೀಲಿ ಸಮವಸ್ತ್ರಗಳು, ಮನೆಯಲ್ಲಿ ತೊಡುತ್ತಿದ್ದ ಸಣ್ಣ ಹೂವಿನ ತಿಳಿಬಣ್ಣದ ಉಡುಪುಗಳು. ಬಾಗಿಲು ಮುಚ್ಚಿಕೊಂಡು ಹೊರಗೆ ತೆಗೆಯುವುದು, ಮಡಿಲಲ್ಲಿ ಇಟ್ಟುಕೊಂಡು ಕೂರುವುದು, ಮತ್ತೆ ತುರುಕುವುದು, ಇಷ್ಟೇ ಆಗಿತ್ತು.

ಒಂದು ದಿನ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಮೇಸ್ತ್ರಿಯ ಹೆಂಡತಿ ಅಲ್ಲೇ ನಿಂತು ನೋಡಿದಳು.

“ಮಂಚದ ಕೆಳಗಿಟ್ರೆ ಹುಳ ತಿನ್ನುತ್ತೆ,” ಎಂದಳು. “ಕೊಡು ಇಲ್ಲಿ. ಕೌದಿ ಮಾಡೋಣ. ಹೊದ್ಕೊಂಡು ಮಲಗು.”

ಸೊಸೆ ಅತ್ತೆಯ ಮುಖವನ್ನೇ ನೋಡಿ ಗೊಳೋ ಎಂದು ಅತ್ತುಬಿಟ್ಟಳು. ಅತ್ತೆ ಅವಳ ಬೆನ್ನ ಮೇಲೆ ಕೈ ಇಟ್ಟಳು. ನಾಲ್ಕು ವರ್ಷದಲ್ಲಿ ಅದೇ ಮೊದಲು. ಹಜಾರದಲ್ಲಿ ಕೂತು ಪೇಪರ್ ಓದುತ್ತಿದ್ದ ಮೇಸ್ತ್ರಿ ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದರು. ಜೋರಾಗಿ ಕೆಮ್ಮಿದರು.

ಕೆಲಸ ಶುರುವಾಯಿತು. ನೀಲಿ ಬಟ್ಟೆಯದೊಂದು, ಹೂವಿನ ಬಟ್ಟೆಯದೊಂದು ಚೌಕ, ಊಟದ ತಟ್ಟೆಗಿಂತ ದೊಡ್ಡವು. ಎರಡನ್ನೂ ಮುಖಕ್ಕೆ ಮುಖ ಕೂಡಿಸಿ, ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಗೆರೆಯ ಎರಡೂ ಬದಿಗೆ ಹೊಲಿಗೆ ಹಾಕಿ, ಗೆರೆಯ ಮೇಲೇ ಕತ್ತರಿಸಬೇಕು. ಬಿಡಿಸಿದರೆ ಎರಡು ಚೌಕ, ಒಂದೊಂದೂ ಅರ್ಧ ನೀಲಿ ಅರ್ಧ ಹೂವು. ಇದು ಹೆಂಡತಿಯ ಕೆಲಸ. ಹೊಲಿದದ್ದನ್ನು ಬಿಡಿಸಿ ಇಸ್ತ್ರಿ ಮಾಡುವುದು ಸೊಸೆಯದು.

“ಉಜ್ಜಬೇಡ,” ಎಂದು ಹೆಂಡತಿ ಹೇಳಿಕೊಡುತ್ತಿದ್ದಳು. “ಬಟ್ಟೇನ ನೇರವಾಗಿ ಎಳೆದ್ರೆ ಏನೂ ಆಗಲ್ಲ. ಓರೆಯಾಗಿ ಎಳೆದ್ರೆ ರಬ್ಬರ್ ಥರ ಹಿಗ್ಗುತ್ತೆ. ಚೌಕ ದೊಡ್ಡದಾದಷ್ಟೂ ಜಾಸ್ತಿ. ಪೆಟ್ಟಿಗೆ ಇಡು, ಎತ್ತು. ಇಡು, ಎತ್ತು.”

“ಹೀಗಾ ಅತ್ತೆ?”

“ಹ್ಞಾಂ, ಮುದ್ರೆ ಒತ್ತೋ ಹಾಗೆ. ಅಷ್ಟೇ.”

ಕೊನೆಯದು ಮಟ್ಟ ಮಾಡುವುದು. ಎಷ್ಟೇ ಜೋಪಾನ ಮಾಡಿದರೂ ಇಸ್ತ್ರಿಯಾದ ಚೌಕ ಒಂದಿಷ್ಟು ಸೊಟ್ಟಗಾಗಿರುತ್ತದೆ. ಅದಕ್ಕೆಂದೇ ಮೊದಲೇ ಬೆರಳಗಲ ದೊಡ್ಡದಾಗಿ ಹೊಲಿದಿರುತ್ತಾರೆ. ಒಂದೊಂದನ್ನೇ ಮೇಜಿನ ಮೇಲೆ ಹಾಸಿ, ನಡುವಿನ ಹೊಲಿಗೆ ಸರಿಯಾಗಿ ಮೂಲೆಯಿಂದ ಮೂಲೆಗೆ ಬರುವಂತೆ ಅಳತೆಪಟ್ಟಿ ಕೂರಿಸಿ, ನಾಲ್ಕೂ ಅಂಚು ಸವರಬೇಕು. ಅದನ್ನೂ ಹೆಂಡತಿಯೇ ಮಾಡುತ್ತಿದ್ದಳು. ಒಂದು ಸಂಜೆಗೆ ಮೂರೋ ನಾಲ್ಕೋ ಮುಗಿದರೆ ಹೆಚ್ಚು.

ಮೇಸ್ತ್ರಿಗೆ ಇದನ್ನು ನೋಡಿಕೊಂಡು ಕೂರಲು ಆಗಲಿಲ್ಲ. “ಒಂದೊಂದೇ ಯಾಕೆ ಕತ್ತರಿಸ್ತೀಯ? ಒಟ್ಟಿಗೆ ಜೋಡಿಸಿ ಒಂದೇ ಸಲ ಹೊಡೆದ್ರೆ ಆಯ್ತಲ್ಲ?”

“ಇದು ಹಲಗೆ ಅಲ್ಲ. ನೀವು ಮೂಗು ತೂರಿಸ್ಬೇಡಿ.”

“ಮೂಲೆ ನೆಟ್ಟಗೆ ತರೋದು ನಂಗೆ ಹೇಳ್ಕೊಡ್ತೀಯಾ?”

“ಅಯ್ಯೋ, ನಿಮಗೆ ಹೇಳ್ಕೊಡೋಕೆ ಯಾರಿಗೆ ಧೈರ್ಯ! ಪೇಪರ್ ಓದಿ.”

ಸೊಸೆ ಮುಖ ತಿರುಗಿಸಿಕೊಂಡು ನಕ್ಕಳು. ಅತ್ತೆ ಸೊಸೆ ಸೇರಿ ತನ್ನನ್ನು ನೋಡಿ ನಗುವಷ್ಟು ಒಂದಾಗಿದ್ದಾರೆ ಎನ್ನುವುದು ಮೇಸ್ತ್ರಿಗೆ ಸಂತೋಷವೇ. ಆದರೂ ಒಂದು ಮೂಲೆಯಲ್ಲಿ ಚುಚ್ಚಿತು.

ಹೆಂಡತಿ ಹಲ್ಲು ಕೀಳಿಸಿಕೊಳ್ಳಲು ಹೋದ ದಿನ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಇಸ್ತ್ರಿಯಾದ ಚೌಕಗಳು ಕಪಾಟಿನ ಮೇಲೆ ಒಂದರ ಮೇಲೊಂದು ಕೂತಿದ್ದವು. ಅರ್ಧಕ್ಕರ್ಧ ಮಟ್ಟವಾಗಿದ್ದವು, ಉಳಿದರ್ಧ ಬಾಕಿ. ಮೇಸ್ತ್ರಿ ಸಲಕರಣೆಯ ಪೆಟ್ಟಿಗೆ ತೆರೆದರು. ಎಷ್ಟೋ ದಿನದ ಮೇಲೆ ಕೈಗೆ ಕೆಲಸ. ಆರು ಚೌಕ ಜೋಡಿಸಿ, ಅಂಚಿಗೆ ಅಂಚು ಕೂಡಿಸಿ, ಎರಡು ಹಲಗೆಯ ನಡುವೆ ಇಟ್ಟು, ಹಲಗೆ ಅಲುಗದಂತೆ ತಿರುಪು ತಿರುಗಿಸಿ ಹಿಡಿಸುವ ಶಿಕಂಜದಲ್ಲಿ ಮೇಜಿಗೆ ಬಿಗಿದರು. ಮೂಲೆಮಟ್ಟ ಹಚ್ಚಿದರು. ಹೊಸದಾಗಿ ಮಸೆದ ಚಾಕು ಎಳೆದರು. ಅಂಚು ಗಾಜು ಕತ್ತರಿಸಿದ ಹಾಗೆ ಬಂತು.

ಮೇಲಿನ ಚೌಕ ಮುತ್ತಿನಂತಿತ್ತು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಮೇಸ್ತ್ರಿ ಮೀಸೆಯಡಿ ನಕ್ಕರು. ಅಲ್ಲೇ ಉಳಿದ ಐದನ್ನೂ ತೆಗೆದು ನೋಡಿದ್ದರೆ ಈ ಕಥೆ ಇರುತ್ತಿರಲಿಲ್ಲ. ನೋಡಲಿಲ್ಲ. ಮೇಲಿನ ಹಲಗೆ ಸರಿ ಬಂದರೆ ಕೆಳಗಿನ ಹಲಗೆಯೂ ಸರಿ ಬಂದಿರುತ್ತದೆ ಎಂದು ಇಡೀ ಆಯುಸ್ಸು ನಂಬಿದ ಮನುಷ್ಯ. ಉಳಿದ ಚೌಕಗಳನ್ನೂ ಹಾಗೇ ಬಿಗಿದರು, ಹಾಗೇ ಕತ್ತರಿಸಿದರು, ಶಿಳ್ಳೆ ಹಾಕಿದರು.

ಹೆಂಡತಿ ಬಂದಾಗ ಕಣ್ಣಿಗೆ ಬೀಳಲಿ ಎಂದು ಎಲ್ಲವನ್ನೂ ಹಾಸಿಗೆಯ ಮೇಲೆ ಹರಡಿದ ಮೇಲೆ ಗೊತ್ತಾಯಿತು. ಶಿಕಂಜ ಬಿಗಿದಾಗ ಕೆಳಗಿನ ಬಟ್ಟೆಗಳು ಒಂದೊಂದೂ ಒಂದೊಂದು ಕಡೆಗೆ ಜಾರಿದ್ದವು. ಅಂಚಿಗೆ ಅಂಚು ಕೂಡಿಸಿದ್ದರೇ ಹೊರತು ಹೊಲಿಗೆಗೆ ಹೊಲಿಗೆ ಕೂಡಿಸಿರಲಿಲ್ಲ. ಒಂದರಲ್ಲಿ ಹೊಲಿಗೆ ಮೂಲೆಯಿಂದ ಬೆರಳಗಲ ಆಚೆ ಹೋಗಿತ್ತು. ಒಂದು, ಹಿಡಿದರೆ ಗಾಳಿಪಟದ ಹಾಗೆ ಉದ್ದಕ್ಕೆ ಜಗ್ಗಿಕೊಂಡಿತ್ತು. ಬೇಕೆಂದು ಬಿಟ್ಟಿದ್ದ ಅಂಚು ಈಗ ನೀಲಿ, ಹೂವಿನ ಚೂರುಗಳ ರಾಶಿಯಾಗಿ ನೆಲದ ಮೇಲೆ ಬಿದ್ದಿತ್ತು. ಕತ್ತರಿಸಿದ ಬಟ್ಟೆಗೆ ಅಂಟು ಹಚ್ಚಿ ಕೂಡಿಸುವಂತಿಲ್ಲ.

ಮೇಸ್ತ್ರಿ ಮೊದಲು ಮಾಡಿದ ಕೆಲಸವೆಂದರೆ ಬಾಗಿಲ ಚಿಲಕ ಹಾಕಿದ್ದು. ಆಮೇಲೆ ಚೂರುಗಳನ್ನು ಗುಡಿಸಿ ಕಸದ ಬುಟ್ಟಿಯ ತಳಕ್ಕೆ ತುರುಕಿ, ಮೇಲೆ ತರಕಾರಿ ಸಿಪ್ಪೆ ಮುಚ್ಚಿದರು. ಚೌಕಗಳನ್ನು ಮೊದಲಿದ್ದ ಹಾಗೆಯೇ ಜೋಡಿಸಿ ಕಪಾಟಿನ ಮೇಲಿಟ್ಟರು. ಹೆಂಡತಿ ಕೆನ್ನೆ ಊದಿಸಿಕೊಂಡು ಬಂದಾಗ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಹಾಳೆ ತಲೆಕೆಳಗಾಗಿರಲಿಲ್ಲ, ಅಷ್ಟು ಜಾಗ್ರತೆ ಇತ್ತು.

ಗುರುವಾರ ಮಧ್ಯಾಹ್ನ ಬೀದಿಯ ನಾಲ್ಕಾರು ಹೆಂಗಸರು ತಮ್ಮ ತಮ್ಮ ಹೊಲಿಗೆ ಹಿಡಿದು ಆ ಮನೆಯ ಹಜಾರದಲ್ಲಿ ಕೂರುವುದು ವಾಡಿಕೆ. ಬೇಕರಿಯಾಕೆ ಮಾತಿನ ಮಲ್ಲಿ. ಮೇಲಿನ ಮನೆಯ ನರ್ಸಮ್ಮ ರಜೆ ಸಿಕ್ಕಾಗ ಬರುವವಳು. ಸೊಸೆಯೂ ಅವತ್ತು ರಜೆ ಹಾಕಿದ್ದಳು. ಚೌಕ ಜೋಡಿಸುವ ದಿನ ಎಂದು ಅವಳಿಗೆ ಹಿಗ್ಗು. ಹೆಂಡತಿ ಉಳಿದ ಚೌಕಗಳನ್ನು ಮಟ್ಟ ಮಾಡಲು ಮೇಜಿನ ಮೇಲಿಟ್ಟಳು. ಅಳತೆಪಟ್ಟಿ ಹಚ್ಚಿದಳು. ತಿರುಗಿಸಿ ಹಚ್ಚಿದಳು. ಇನ್ನೊಂದು ತೆಗೆದಳು.

“ಏನಾಯ್ತು?” ಎಂದಳು ಬೇಕರಿಯಾಕೆ, ಕತ್ತು ಚಾಚಿ. “ಅಯ್ಯೋ, ಇದೇನ್ರೀ ಹೀಗೆ ಸೊಟ್ಟಗಿದೆ!”

ಹೆಂಡತಿ ಅಂಚಿನ ಮೇಲೆ ಬೆರಳಾಡಿಸಿದಳು. ಸೊಸೆಯ ಮುಖ ಬಿಳಿಚಿಕೊಂಡಿತು. “ಅತ್ತೆ, ನಾನು ಎಳೆದುಬಿಟ್ನಾ? ಇಡು ಎತ್ತು ಅಂತಾನೇ ಮಾಡಿದ್ದೆ. ಕೊನೆ ಕೊನೆಗೆ ಅಂಗಡಿಗೆ ಹೊತ್ತಾಗ್ತಿತ್ತು... ಅವಸರದಲ್ಲಿ ಉಜ್ಜಿಬಿಟ್ನೇನೋ.”

“ಮೇಸ್ತ್ರಿಗಳು ಇಲ್ಲೇ ಇದಾರಲ್ಲ,” ಎಂದಳು ನರ್ಸಮ್ಮ. “ಅವರನ್ನೇ ಕೇಳೋಣ. ಸೊಟ್ಟಕ್ಕೆ ಅವರಿಗಿಂತ ದೊಡ್ಡ ಡಾಕ್ಟರ್ ಯಾರು?”

ಎಲ್ಲರೂ ಇತ್ತ ತಿರುಗಿದರು. ಹೆಂಡತಿಯೂ ತಿರುಗಿದಳು, ನೋಟ ಒಂದು ಗಳಿಗೆ ಹೆಚ್ಚೇ ನಿಂತಿತು. ಮೇಸ್ತ್ರಿ ಎದ್ದು ಬಂದರು. ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಹೊತ್ತು ಬೇರೆ ಇರಲಿಲ್ಲ. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅಷ್ಟು ಹೆಂಗಸರು ಭಕ್ತಿಯಿಂದ ಬಾಯಿ ನೋಡುತ್ತ ಕೂತಿದ್ದಾಗ ಕೈ ತನ್ನಷ್ಟಕ್ಕೆ ಮೂಲೆಮಟ್ಟ ಎತ್ತಿಕೊಂಡಿತು. ಮೂಲೆಗೆ ಹಚ್ಚಿ, ಒಂದು ಕಣ್ಣು ಮುಚ್ಚಿ ನೋಡಿ, ಮೇಸ್ತ್ರಿ ತೀರ್ಪು ಕೊಟ್ಟರು.

“ಎಳೆದಿದೆ. ಇಸ್ತ್ರಿ ಎಳೆದಿದ್ರೆ ಹೀಗೇ ಆಗೋದು.”

ಸೊಸೆ ಚೌಕಗಳನ್ನು ಒಂದೊಂದೇ ಎತ್ತಿ ನೋಡಿದಳು. “ಅಮ್ಮನ ಬಟ್ಟೆ,” ಎಂದಳು. ಅಷ್ಟೇ. ಒಳಗೆ ಹೋದಳು.

“ಇರ್ಲಿ ಬಿಡಿ, ಈಗಿನ ಹುಡುಗೀರಿಗೆ ಎಲ್ಲಾ ಅವಸರ,” ಎಂದಳು ಬೇಕರಿಯಾಕೆ ಸಮಾಧಾನ ಹೇಳುವವಳಂತೆ. ಮೇಸ್ತ್ರಿ ಮೂಲೆಮಟ್ಟವನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದರು.

ಅವತ್ತಿನಿಂದ ಸೊಸೆ ಇಸ್ತ್ರಿ ಪೆಟ್ಟಿಗೆ ಮುಟ್ಟಲಿಲ್ಲ. ಚೌಕಗಳು ಕಪಾಟಿನ ಮೇಲೆ ಧೂಳು ಹಿಡಿದವು. ಅತ್ತೆ ಸೊಸೆ ಮತ್ತೆ ಬಸ್ಸಿನ ಪ್ರಯಾಣಿಕರಾದರು. ಮಗ ಸುಕ್ಕಾದ ಸಮವಸ್ತ್ರ ತೊಟ್ಟು ಕೆಲಸಕ್ಕೆ ಹೋಗಿ, ಮೇಲಧಿಕಾರಿಯಿಂದ ಬೈಸಿಕೊಂಡು ಬಂದು, ಊಟದ ಮೇಜಿನಲ್ಲಿ ಸಿಡಿದ.

“ಒಂದು ಶರ್ಟ್ ಇಸ್ತ್ರಿ ಮಾಡೋಕೆ ಏನು ಕಷ್ಟ ನಿಂಗೆ?”

“ನೀವೇ ಮಾಡ್ಕೊಳ್ಳಿ.”

“ಮೊದ್ಲು ಮಾಡ್ತಿದ್ದೆಯಲ್ಲ?”

“ಮೊದ್ಲು ನನ್ನ ಕೈ ಹೀಗೆ ಅಂತ ಗೊತ್ತಿರಲಿಲ್ಲ.” ಅವಳು ತಟ್ಟೆಯಿಂದ ಕಣ್ಣೆತ್ತಲಿಲ್ಲ. “ಮುಟ್ಟಿದ್ದೆಲ್ಲಾ ಕೆಡಿಸ್ತೀನಿ.”

“ಒಂದು ಬಟ್ಟೆ ಚೂರಿಗೆ ಇಷ್ಟು ರಂಪಾನಾ?”

“ನಿಮಗೆ ಬಟ್ಟೆ ಚೂರು,” ಎಂದು ಸೊಸೆ ಎದ್ದು ಹೋದಳು. ಮೊಟ್ಟೆ ಪಲ್ಯ ಹಾಗೇ ಉಳಿಯಿತು.

ಮೇಸ್ತ್ರಿ ಮಾರನೆಯ ಬೆಳಿಗ್ಗೆ ಎದ್ದು ಮಗನ ಶರ್ಟಿಗೆ ತಾವೇ ಇಸ್ತ್ರಿ ಹಾಕಿದರು. ಕಾಲರ್ ಸುಟ್ಟಿತು. ಪಾತ್ರೆ ತೊಳೆಯಲು ನಿಂತರು. ಕಸ ಗುಡಿಸಿದರು. ಸೊಸೆಯ ಊಟದ ಡಬ್ಬಿಯನ್ನು ಉಜ್ಜಿ ಉಜ್ಜಿ ಕನ್ನಡಿ ಮಾಡಿದರು.

“ಪಾಪ, ಮಾವ ನೀವ್ಯಾಕೆ?” ಎಂದಳು ಸೊಸೆ. “ಬೆನ್ನು ನೋವು ಇಟ್ಕೊಂಡು. ನನ್ನಿಂದ ಮನೇಲಿ ಎಲ್ಲರಿಗೂ ತೊಂದರೆ.”

ಅದನ್ನು ಕೇಳಿದ ಮೇಲೆ ಮೇಸ್ತ್ರಿಗೆ ಡಬ್ಬಿ ಹಿಡಿದ ಕೈಯನ್ನು ಎಲ್ಲಿ ಬಚ್ಚಿಡಬೇಕೋ ತಿಳಿಯಲಿಲ್ಲ. ಅವಳು ಅಂಗಡಿಗೆ ಹೊರಟ ಕೂಡಲೇ ಅಡುಗೆಮನೆಗೆ ಹೋಗಿ ಬಾಗಿಲು ಓರೆ ಮಾಡಿದರು. ಹೆಂಡತಿ ಈರುಳ್ಳಿ ಹೆಚ್ಚುತ್ತಿದ್ದಳು.

“ಲೇ, ಒಂದು ವಿಷ್ಯ ಹೇಳ್ಬೇಕು. ಆ ಚೌಕ ಕೆಡಿಸಿದ್ದು...”

“ನೀವು,” ಎಂದಳು ಹೆಂಡತಿ. ಕೈ ನಿಲ್ಲಲಿಲ್ಲ. “ಗೊತ್ತು.”

“ಗೊತ್ತಾ?”

“ಕಸದ ಬುಟ್ಟಿ ಖಾಲಿ ಮಾಡೋಳು ನಾನೇ ಅಲ್ವಾ? ಚೂರು ಕಾಣ್ದೇ ಇದ್ರೂ ಗೊತ್ತಾಗ್ತಿತ್ತು. ಎಳೆದ ಬಟ್ಟೆ ಅಂಚು ಅಲೆ ಅಲೆ ಆಗಿರುತ್ತೆ. ಚಾಕು ಹಾಕಿದ್ದು ಹಾಗಿರಲ್ಲ.”

“ಗೊತ್ತಿದ್ದೂ ಅವಳ ತಲೆಗೆ ಕಟ್ಟಿದ್ಯಾ?”

“ನಾನು ಕಟ್ಟಿದ್ನಾ?” ಈಗ ಹೆಂಡತಿ ತಿರುಗಿದಳು. ಕಣ್ಣಲ್ಲಿ ನೀರಿತ್ತು, ಈರುಳ್ಳಿಯದೋ ಏನೋ. “ಅಷ್ಟು ಜನರ ಮುಂದೆ ಅಳತೆ ಮಾಡಿ ತೀರ್ಪು ಕೊಟ್ಟಿದ್ದು ಯಾರು? ನಾನು ನಿಮ್ಮ ಮುಖ ನೋಡ್ದೆ. ನೀವು ಹೇಳ್ತೀರಿ ಅಂತ ಕಾದೆ. ಬಾಯಿಂದ ಸುಳ್ಳು ಬಂದ್ಮೇಲೆ ನಾನು ಏನ್ಮಾಡ್ಲಿ? ನನ್ನ ಗಂಡ ಸುಳ್ಳ ಅಂತ ಡಂಗುರ ಹೊಡೀಲಾ?”

“ಇವತ್ತು ಅವಳು ಬಂದ ಕೂಡಲೇ ಹೇಳ್ಬಿಡ್ತೀನಿ.”

“ಬೇಡ.” ಹೆಂಡತಿ ದನಿ ತಗ್ಗಿಸಿದಳು. “ಅವಳು ಚಿಕ್ಕವಳು. ಇನ್ನೆರಡು ವಾರಕ್ಕೆ ಮರೀತಾಳೆ. ನೀವು ಮರೆಯಲ್ಲ. ಬೆನ್ನು ಹೋಯ್ತು, ಕೆಲಸ ಹೋಯ್ತು, ಇರೋದು ಹೆಸರೊಂದೇ. ಬೀದಿಯವರೆಲ್ಲಾ ನಿಮ್ಮನ್ನ ನೋಡಿ ನಗೋದನ್ನ ನನ್ನ ಕೈಲಿ ನೋಡೋಕಾಗಲ್ಲ.”

ಮೇಸ್ತ್ರಿ ಸುಮ್ಮನಾದರು. ಹೆಂಡತಿ ತಡೆದಳೆಂದು ಸುಮ್ಮನಾದೆ ಎಂದುಕೊಂಡರು. ನಿಜ ಹೇಳಬೇಕೆಂದರೆ, ಅವಳು ತಡೆದದ್ದು ಅವರಿಗೆ ಬೇಕಾಗಿತ್ತು.

ಆ ಭಾನುವಾರ ಹಳೆ ಬಟ್ಟೆ ತೆಗೆದುಕೊಂಡು ಹೋಗುವ ಕೈಗಾಡಿಯವನು ಬೀದಿಯಲ್ಲಿ ಕೂಗುತ್ತ ಬಂದ. ಮೇಸ್ತ್ರಿ ಮೆಟ್ಟಿಲ ಮೇಲೆ ಷೂಗಳನ್ನು ಸಾಲಾಗಿ ಇಡುತ್ತಿದ್ದರು. ಸೊಸೆ ಒಳಗಿನಿಂದ ಚೀಲ ಎಳೆದುಕೊಂಡು ಬಂದಳು. ಕತ್ತರಿಸದೆ ಉಳಿದಿದ್ದ ತಾಯಿಯ ಬಟ್ಟೆಗಳೆಲ್ಲ ಅದರಲ್ಲಿದ್ದವು.

“ಏನಮ್ಮ ಇದು?”

“ಕೊಟ್ಬಿಡ್ತೀನಿ ಮಾವ.”

“ಬೇಡ, ಇರ್ಲಿ. ಮುಂದೆ ಬೇಕಾಗುತ್ತೆ.”

“ಯಾತಕ್ಕೆ? ಮನೇಲಿದ್ರೆ ಮತ್ತೆ ಮುಟ್ಟೋಣ ಅನ್ಸುತ್ತೆ. ಮುಟ್ಟಿದ್ರೆ ಇದನ್ನೂ ಕೆಡಿಸ್ತೀನಿ. ಯಾರಾದ್ರೂ ಹಾಕ್ಕೊಳ್ಳಲಿ.” ಮೊದಲ ಮೆಟ್ಟಿಲಲ್ಲೇ ಚೀಲದ ಭಾರಕ್ಕೆ ಮುಗ್ಗರಿಸಿದಳು. ಮೇಸ್ತ್ರಿ ಕೈಚಾಚಿ ಚೀಲ ಹಿಡಿದರು. ಹಿಡಿದ ಮೇಲೆ ವಾಪಸ್ ಕೊಡಲು ಆಗಲಿಲ್ಲ. ಬೇಡ ಎನ್ನಬೇಕಾದರೆ ಯಾಕೆ ಬೇಡ ಎಂದು ಹೇಳಬೇಕು. ಎರಡು ಮಹಡಿ ಇಳಿದು, ಗಾಡಿಯವರೆಗೆ ನಡೆದು, ತಾವೇ ಎತ್ತಿ ಹಾಕಿದರು. ಬೆನ್ನು ಚಳಕ್ ಎಂದಿತು. ಸೊಸೆ ಮೇಲಿನಿಂದ ನೋಡುತ್ತಿದ್ದಳು.

ಊಟವಾದ ಮೇಲೆ ಅವರಿಗೆ ಕೂರಲಾಗಲಿಲ್ಲ. ವಿಚಾರಿಸಿಕೊಂಡು ವಿಚಾರಿಸಿಕೊಂಡು ಸಂತೆ ಮೈದಾನದ ಹಿಂದಿನ ಗೋದಾಮಿಗೆ ಹೋದರು. ಆಳೆತ್ತರ ಬಟ್ಟೆ ರಾಶಿ ಬಿದ್ದಿತ್ತು.

“ಬೆಳಿಗ್ಗೆ ಬಂದ ಚೀಲ. ನೀಲಿ ಸಮವಸ್ತ್ರ ಇತ್ತು ಅದ್ರಲ್ಲಿ,” ಎಂದರು.

ಗೋದಾಮಿನವನು ತಲೆಯಲ್ಲಾಡಿಸಿದ. “ಹತ್ತಿ ಬಟ್ಟೆ ಬಂದ ತಕ್ಷಣ ಕತ್ತರಿಸೋಕೆ ಹೋಗುತ್ತೆ ಯಜಮಾನ್ರೇ. ಕಾರ್ಖಾನೆಗಳಿಗೆ ಒರೆಸೋ ಬಟ್ಟೆ ಬೇಕಲ್ಲ. ಎಣ್ಣೆ ಒರೆಸೋಕೆ, ಬಣ್ಣ ಒರೆಸೋಕೆ.”

ಮೇಸ್ತ್ರಿಗೆ ಆ ಬಟ್ಟೆ ಗೊತ್ತು. ಕಾರ್ಖಾನೆಯಲ್ಲಿ ಮೂಟೆಗಟ್ಟಲೆ ಬರುತ್ತಿತ್ತು. ಅಂಟು ಒರೆಸಿ ಒರೆಸಿ ಮೂಲೆಗೆ ಎಸೆಯುತ್ತಿದ್ದರು. ಅದು ಯಾರ ಮೈಮೇಲಿದ್ದದ್ದು ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ವಾಪಸ್ ಬರುವಾಗ 'ನಮಸ್ಕಾರ ಮೇಸ್ತ್ರಿಗಳೇ' ಎಂದು ಬೇಕರಿಯಿಂದ ಯಾರೋ ಕೂಗಿದರು. ತಲೆ ತಗ್ಗಿಸಿಕೊಂಡು ಮುಂದೆ ನಡೆದರು.

ಗುರುವಾರ ಹೆಂಗಸರು ಬಂದು ಕೂತರು. ಸೊಸೆಗೆ ಅಂಗಡಿ ಸಂಜೆಯ ಪಾಳಿ. ಒಳಗೆ ಚಹಾ ಮಾಡುತ್ತಿದ್ದಳು, ಹಜಾರಕ್ಕೆ ಬಂದು ಕೂರುತ್ತಿರಲಿಲ್ಲ. ಮೇಸ್ತ್ರಿ ಕಪಾಟಿನ ಮೇಲಿನ ಚೌಕಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಹೆಂಡತಿ ಕಣ್ಣಿನಲ್ಲೇ ಬೇಡ ಎಂದಳು. ಅವರು ಅತ್ತ ನೋಡಲಿಲ್ಲ.

“ಅಮ್ಮಾ, ಒಂದು ನಿಮಿಷ ಬಾ,” ಎಂದು ಸೊಸೆಯನ್ನು ಕರೆದರು. ಅವಳು ಚಹಾದ ತಟ್ಟೆ ಹಿಡಿದು ಬಾಗಿಲಿಗೆ ಬಂದಳು.

“ಈ ಚೌಕ ಕೆಡಿಸಿದ್ದು ಇವಳಲ್ಲ. ನಾನು. ಮನೇಲಿ ಯಾರೂ ಇಲ್ದಾಗ ಹಲಗೆ ಮಧ್ಯೆ ಶಿಕಂಜ ಹಾಕಿ ಒಟ್ಟಿಗೆ ಕತ್ತರಿಸ್ದೆ. ಇಸ್ತ್ರಿ ಎಳೀಲಿಲ್ಲ. ನಾನು ಸುಳ್ಳು ಹೇಳ್ದೆ.”

ಒಂದು ಗಳಿಗೆ ಸೂಜಿಗಳೆಲ್ಲ ನಿಂತವು. ಆಮೇಲೆ ಬೇಕರಿಯಾಕೆ ಹೋ ಎಂದು ನಕ್ಕಳು. “ಶಿಕಂಜಾನಾ! ಅಯ್ಯೋ ಮೇಸ್ತ್ರಿಗಳೇ, ಮೊಳೆ ಹೊಡೀಲಿಲ್ವಲ್ಲ, ನಮ್ಮ ಪುಣ್ಯ!” ಎಲ್ಲರೂ ನಕ್ಕರು. ಒಬ್ಬಳಿಗೆ ಕೆಮ್ಮು ಹತ್ತಿತು. ಮೇಸ್ತ್ರಿ ಅದಕ್ಕೆ ಸಿದ್ಧರಾಗಿ ಬಂದಿದ್ದರು, ಸಹಿಸಿಕೊಂಡರು. ಆದರೆ ನಗು ಮುಗಿದ ಮೇಲಿನದಕ್ಕೆ ಸಿದ್ಧರಾಗಿರಲಿಲ್ಲ.

“ಅಲ್ಲಾ, ಎಂಥ ದೊಡ್ಡ ಮನಸ್ಸು ನೋಡಿ,” ಎಂದಳು ನರ್ಸಮ್ಮ. “ಈ ವಯಸ್ಸಲ್ಲಿ, ಇಷ್ಟು ಜನರ ಮುಂದೆ. ನಮ್ಮನೆಯವರು ಸತ್ರೂ ತಪ್ಪು ಒಪ್ಕೊಳ್ಳಲ್ಲ.”

“ಸುಮ್ನೆ ಮೂಲೆಮಟ್ಟ ಅಂತಾರಾ? ಮನಸ್ಸೂ ನೆಟ್ಟಗೆ!” ಎಂದಳು ಬೇಕರಿಯಾಕೆ. ಬಿಸ್ಕತ್ತಿನ ತಟ್ಟೆಯನ್ನು ಅವರ ಕಡೆಗೆ ತಳ್ಳಿದಳು. “ತಗೊಳ್ಳಿ, ತಗೊಳ್ಳಿ.”

ಬಾಗಿಲಲ್ಲಿ ನಿಂತವಳನ್ನು ಯಾರೂ ತಿರುಗಿ ನೋಡಿರಲಿಲ್ಲ. ನಿನ್ನನ್ನು ಸುಮ್ಮನೆ ಅಂದುಬಿಟ್ಟೆವು ಎಂದು ಒಬ್ಬರ ಬಾಯಲ್ಲೂ ಬರಲಿಲ್ಲ. ಸುಳ್ಳು ಹೇಳಿದಾಗಲೂ ಮರ್ಯಾದೆ ಮೇಸ್ತ್ರಿಗೇ ಸಿಕ್ಕಿತ್ತು, ನಿಜ ಹೇಳಿದಾಗಲೂ ಅವರಿಗೇ ಸಿಗುತ್ತಿತ್ತು.

“ನನ್ನ ಹೊಗಳಬೇಡಿ,” ಎಂದರು. ತಟ್ಟೆಯನ್ನು ಹಿಂದಕ್ಕೆ ತಳ್ಳಿದರು.

“ಮಾವ,” ಎಂದಳು ಸೊಸೆ. “ಅವತ್ತು ಅಳತೆ ಮಾಡಿ ಹೇಳಿದ್ರಲ್ಲ. ಆಗ್ಲೇ ಗೊತ್ತಿತ್ತಾ?”

“ಗೊತ್ತಿತ್ತು.”

“ಚೀಲ ಎತ್ಕೊಂಡು ಹೋದ್ರಲ್ಲ. ಆಗ?”

“ಆಗ್ಲೂ ಗೊತ್ತಿತ್ತು.”

ಈಗ ಯಾರೂ ನಗಲಿಲ್ಲ. ಸೊಸೆ ಅತ್ತೆಯ ಕಡೆಗೆ ತಿರುಗಿದಳು. “ನಿಮಗೂ ಗೊತ್ತಿತ್ತಾ ಅತ್ತೆ?”

“ಇಲ್ಲ, ಅವಳಿಗೆ ಗೊತ್ತಿರಲಿಲ್ಲ,” ಎಂದರು ಮೇಸ್ತ್ರಿ ತಡಬಡಿಸಿ.

“ಮತ್ತೆ ಸುಳ್ಳು ಹೇಳ್ಬೇಡಿ,” ಎಂದಳು ಹೆಂಡತಿ. ಸೂಜಿಯನ್ನು ಬಟ್ಟೆಗೆ ಚುಚ್ಚಿ ಕೆಳಗಿಟ್ಟಳು. “ನಂಗೂ ಗೊತ್ತಿತ್ತು. ಇವರ ಮರ್ಯಾದೆ ಉಳೀಲಿ ಅಂತ ನಿನ್ನ ಬಲಿ ಕೊಟ್ಟೆ.”

ಸೊಸೆ ಎಲ್ಲರ ಮುಂದೆಯೂ ಒಂದೊಂದು ಲೋಟ ಇಟ್ಟಳು. ಮೇಸ್ತ್ರಿಗೂ ಕೊಟ್ಟಳು, ಎಂದಿನಂತೆ ಎರಡೂ ಕೈಯಲ್ಲಿ. ಖಾಲಿ ತಟ್ಟೆ ಹಿಡಿದು ಒಳಗೆ ಹೋದಳು. ಹೆಂಗಸರು ಚಹಾ ಗುಟುಕರಿಸಿ, ಏನೇನೋ ಕೆಲಸ ನೆನಪು ಮಾಡಿಕೊಂಡು, ಒಬ್ಬೊಬ್ಬರಾಗಿ ಎದ್ದರು.

ರಾತ್ರಿ ಊಟಕ್ಕೆ ಕೂತಾಗ ಮಗ ತಂದೆಯ ಮುಖ ನೋಡಲಿಲ್ಲ. “ಮೂರು ವಾರ ಅಪ್ಪ. ಮೂರು ವಾರ ನಾನೂ ಅವಳಿಗೇ ಬೈದೆ,” ಎಂದ. ಮೇಸ್ತ್ರಿ ಇಳಿಯದ ಅನ್ನವನ್ನು ನೀರು ಕುಡಿದು ಇಳಿಸಿದರು.

ಭಾನುವಾರ ಬೆಳಿಗ್ಗೆ ಸೊಸೆ ಚೌಕಗಳನ್ನೆಲ್ಲ ತಂದು ಊಟದ ಮೇಜಿನ ಮೇಲಿಟ್ಟಳು, ಕೆಟ್ಟವೂ, ಹೆಂಡತಿ ಮೊದಲು ಮಟ್ಟ ಮಾಡಿದ್ದ ಒಳ್ಳೆಯವೂ.

“ಇನ್ನು ಏನ್ಮಾಡ್ಬಹುದು ಅತ್ತೆ?” ಎಂದು ಕೇಳಿದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ.

ಹೆಂಡತಿ ಹತ್ತಿರ ಬಂದಳು. ಮುಟ್ಟಲು ಹಿಂಜರಿದಳು. “ಎಲ್ಲಕ್ಕಿಂತ ಕೆಟ್ಟಿರೋದು ಯಾವ್ದು ಹುಡುಕು. ಅದ್ರಲ್ಲಿ ಹೊಲಿಗೆ ಮೂಲೆಗೆ ಬರೋ ಹಾಗೆ ಎಷ್ಟು ದೊಡ್ಡ ಚೌಕ ಸಿಗುತ್ತೋ ಅಷ್ಟಕ್ಕೇ ಎಲ್ಲಾನೂ ಇಳಿಸ್ಬೇಕು.”

“ಚೆನ್ನಾಗಿರೋದನ್ನೂ?”

“ಚೆನ್ನಾಗಿರೋದನ್ನೂ. ಇಲ್ದಿದ್ರೆ ಒಂದಕ್ಕೊಂದು ಕೂಡಲ್ಲ.”

“ಆಮೇಲೆ ಕೌದಿ ಎಷ್ಟಾಗುತ್ತೆ?”

ಹೆಂಡತಿ ಮನಸ್ಸಿನಲ್ಲೇ ಅಳೆದಳು. “ಮಗೂಗೆ ಹೊದಿಸೋ ಅಷ್ಟು. ನಿನ್ನ ಕಾಲು ಮುಚ್ಚಲ್ಲ. ಒಂದು ಸಾಲು ಹೆಚ್ಚಿಗೆ ಹಾಕೋಣ ಅಂದ್ರೆ ಬಟ್ಟೆ...” ಮಾತು ಅಲ್ಲೇ ನಿಂತಿತು.

ಸೊಸೆ ಎಲ್ಲಕ್ಕಿಂತ ಕೆಟ್ಟದ್ದನ್ನು ಆರಿಸಿದಳು. ಅಳತೆಪಟ್ಟಿಯನ್ನು ಹೊಲಿಗೆಗೆ ಕೂರಿಸಿದಳು, ಎದ್ದು ನಿಂತು ನೋಡಿದಳು, ಮತ್ತೆ ಕೂರಿಸಿದಳು. ಸವರಿದಳು. ಅದು ಚೌಕವಾಯಿತು, ಅಂಗೈ ಎರಡು ಇಟ್ಟರೆ ಮುಚ್ಚುವಷ್ಟು. ಅದನ್ನು ಪಕ್ಕಕ್ಕಿಟ್ಟು ಒಳ್ಳೆಯ ಚೌಕವೊಂದನ್ನು ತೆಗೆದಳು. ಹೊಲಿಗೆ ಮೂಲೆಯಿಂದ ಮೂಲೆಗೆ ಕೂದಲೆಳೆಯೂ ತಪ್ಪದೆ ಹೋಗಿದ್ದ ಚೌಕ.

ಮೇಸ್ತ್ರಿ ಕುರ್ಚಿಯಿಂದ ಎದ್ದರು. “ಪಟ್ಟಿ ಜಾರುತ್ತೆ. ನಾನು ಹಿಡ್ಕೋತೀನಿ, ನೀನು ಕತ್ತರಿಸು. ಅಷ್ಟು ಮಾಡೋಕೆ ಬಿಡಮ್ಮ.”

“ಬೇಡ ಮಾವ.”

“ಚೂರಾದ್ರೂ ಗುಡಿಸ್ತೀನಿ.”

“ಅದೂ ಬೇಡ. ಪಾತ್ರೆ ತೊಳೆದು, ಕಸ ಗುಡಿಸಿ ಇಷ್ಟು ದಿನ ಮನಸ್ಸು ಹಗುರ ಮಾಡ್ಕೊಂಡ್ರಿ.” ಅವಳು ಕತ್ತರಿ ಕೈಗೆತ್ತಿಕೊಂಡಳು. “ಕೂತ್ಕೊಂಡು ನೋಡಿ.”

ಒಳ್ಳೆಯ ಚೌಕದ ಅಂಚಿನಿಂದ ಮೂರು ಬೆರಳಗಲದ ನೀಲಿ ಪಟ್ಟಿ ಸುರುಳಿಯಾಗಿ ನೆಲಕ್ಕೆ ಬಿತ್ತು. ಆಮೇಲೆ ಹೂವಿನದು. ಮೇಜಿನ ಮೇಲೆ ಇನ್ನೂ ರಾಶಿ ಇತ್ತು. ಮೇಸ್ತ್ರಿ ಕೂತು ನೋಡಿದರು. ಕೊನೆಯದು ಮುಗಿಯುವವರೆಗೂ ಎದ್ದು ಹೋಗಲಿಲ್ಲ.